ಆಟಿಯ ಮಳೆ, 1865ರ ಹಂಚು ಮತ್ತು ನಾನು ಸುತ್ತಿದ ಟೇಪು

ಈ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಆಫೀಸು, ರಿಲೀಸು, ರಾತ್ರಿ ಹೊತ್ತಿನ ಕಾಲ್‌ಗಳು... ಎಲ್ಲ ಹಳೇ ನೆಪಗಳೇ, ಬಿಡಿ. ಈ ಸಲ ಬರೆಯಲು ಕೂತಿದ್ದಕ್ಕೆ ಕಾರಣ ಒಂದು ಗೋಡೆ. ಊರಲ್ಲಿರುವ ನಮ್ಮ ಬಚ್ಚಲು ಮನೆಯ ಗೋಡೆ. ಕಳೆದ ಆಟಿ ತಿಂಗಳಲ್ಲಿ ಅದು ಬಿತ್ತು. ಬೀಳಿಸಿದ್ದು ನಾನೇ. ಕೈಯಿಂದ ತಳ್ಳಿ ಅಲ್ಲ, ಟೇಪು ಸುತ್ತಿ.

ನಮ್ಮ ಮನೆ ಇರುವುದು ಬಂಟ್ವಾಳ ತಾಲೂಕಿನಲ್ಲಿ, ಬೆಳ್ತಂಗಡಿ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ. ಅಡಿಕೆ ತೋಟ, ಹಿಂದೆ ಗುಡ್ಡೆ, ಗುಡ್ಡೆಯ ಮೇಲೆ ಸಿಮೆಂಟಿನ ಟ್ಯಾಂಕಿ. ಅಲ್ಲಿಂದ ಮನೆಗೆ ಪಿವಿಸಿ ಪೈಪು ಇಳಿದು ಬರುತ್ತದೆ. ಜುಲೈಯಲ್ಲಿ ನಾಲ್ಕು ದಿನ ರಜೆ ಹಾಕಿ ಹೋದಾಗ, ಬಚ್ಚಲು ಮನೆಯ ಹೊರಗೆ, ಪೈಪಿನ ಜಾಯಿಂಟಿನಲ್ಲಿ ನೀರು ಸಣ್ಣಗೆ ಚಿಮ್ಮುತ್ತಿತ್ತು. ಅಮ್ಮ ಅದರ ಕೆಳಗೊಂದು ಬಕೆಟ್ ಇಟ್ಟಿದ್ದರು. ತುಂಬಿದರೆ ಅಂಗಳಕ್ಕೆ ಹೋಗುತ್ತಿತ್ತು. ಪ್ಲಂಬರಣ್ಣನಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ಈ ಮಳೆಗೆ ಸೊಲ್ಯೂಶನ್ ಹಿಡಿಯುವುದಿಲ್ಲ ಮಾರಾಯ, ಎರಡು ದಿನ ಬಿಸಿಲು ಬರಲಿ, ಬರ್ತೇನೆ."

ಬಿಸಿಲು ಬರುವವರೆಗೆ ಕಾಯುವುದಕ್ಕೆ ನಾನೇನು ಹಳೇ ಕಾಲದವನೇ? ಆನ್‌ಲೈನಿನಲ್ಲಿ ತರಿಸಿದ ಅಗಲದ ಟೇಪು ಬ್ಯಾಗಿನಲ್ಲೇ ಇತ್ತು. ನೀರಿನ ಟ್ಯಾಂಕಿಗೆ ತೂತು ಮಾಡಿ, ಹರಿಯುವ ನೀರಿನ ಮೇಲೇ ಪಟಕ್ಕನೆ ಅಂಟಿಸಿ ತೋರಿಸುತ್ತಾರಲ್ಲ, ಆ ಜಾತಿಯದ್ದು. ಬೈರಾಸಿನಲ್ಲಿ ಪೈಪನ್ನು ಒರೆಸಿ, ಮೂರು ಸುತ್ತು ಬಿಗಿಯಾಗಿ ಸುತ್ತಿದೆ. ನೀರು ನಿಂತಿತು! ಅಮ್ಮ ಬಕೆಟ್ ತೆಗೆದರು. ನಾನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. "ಇಂಜಿನಿಯರ್ ಮಗ ಇದ್ದರೆ ಪ್ಲಂಬರ್ ಯಾಕೆ" ಅಂತ ಅಪ್ಪನೂ ಒಮ್ಮೆ ಹೇಳಿದರು. ಆ ಸಂತೋಷ ಸರಿಯಾಗಿ ಮೂರು ವಾರ ಬಾಳಿತು.

ಮೂರು ವಾರದ ನಂತರ ಬೆಳಿಗ್ಗೆ ಆರಕ್ಕೆ ಅಮ್ಮನ ಫೋನ್. "ಬಚ್ಚಲಿನ ಗೋಡೆ ಕೂತಿತು ಮಗಾ. ಅಪ್ಪ ಹಂಡೆಗೆ ಬೆಂಕಿ ಹಾಕಿ ಆಚೆ ಬಂದದ್ದಷ್ಟೆ." ಆ 'ಆಚೆ ಬಂದದ್ದಷ್ಟೆ' ಅನ್ನುವ ಮಾತು ಇವತ್ತಿಗೂ ಕಿವಿಯಲ್ಲಿ ಇದೆ.

ಆಮೇಲೆ ಹೋಗಿ ನೋಡಿದಾಗ ತಿಳಿದದ್ದು: ಟೇಪು ಇದ್ದಲ್ಲೇ ಇತ್ತು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ನೀರು ಮಾತ್ರ ಅದರ ಅಡಿಯಲ್ಲಿ ಪೈಪಿನ ಮೈಯನ್ನೇ ಹಿಡಿದುಕೊಂಡು ಹರಿದು, ಪೈಪು ಗೋಡೆಯೊಳಗೆ ಹೋಗುವ ತೂತಿನಿಂದ ಒಳಗೆ ಇಳಿದಿತ್ತು. ಮೂರು ವಾರ, ಹಗಲು ರಾತ್ರಿ. ಗೋಡೆ ನಮ್ಮಜ್ಜ ಕೆಂಪು ಮಣ್ಣು ಕಲಸಿ ಮೆಟ್ಟಿಸಿ ಕಟ್ಟಿಸಿದ್ದು. ಮೊದಲು ನೀರು ಅಂಗಳಕ್ಕೆ ಬೀಳುತ್ತಿದ್ದಾಗ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಗೋಡೆಗೆ ಏನೂ ಆಗುತ್ತಿರಲಿಲ್ಲ. ನಾನು ಸೋರುವುದನ್ನು ನಿಲ್ಲಿಸಲಿಲ್ಲ. ಕಾಣದ ಹಾಗೆ ಮಾಡಿದೆ, ಅಷ್ಟೆ. ಕೋಡ್ ಬರೆಯುವ ಮಿತ್ರರಿಗೆ ಅರ್ಥವಾಗಬಹುದು: ಟ್ರೈ-ಕ್ಯಾಚ್ ಹಾಕಿ ಎರರನ್ನು ನುಂಗಿಸಿಬಿಟ್ಟ ಹಾಗೆ. ಲಾಗ್ ಸ್ವಚ್ಛ, ಒಳಗೆ ಸರ್ವನಾಶ.

*

ಗೋಡೆ ಬಿದ್ದ ಮೇಲೆ ಅದರ ಮೇಲಿದ್ದ ಮಾಡು ಅರ್ಧ ಇಳಿದು ಕೂತಿತ್ತು. ಹಂಚುಗಳನ್ನು ಒಂದೊಂದಾಗಿ ತೆಗೆದು ಅಂಗಳದಲ್ಲಿ ಅಟ್ಟಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಶಿಕ್ಷೆ ಅಂದುಕೊಳ್ಳಿ. ಆದರೆ ಆ ಕೆಲಸದಲ್ಲೇ ನನಗೆ ಈ ಬರಹ ಸಿಕ್ಕಿದ್ದು. ಕೆಲವು ಹಂಚುಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಅಚ್ಚು ಇದೆ.

ಚಿಕ್ಕವನಿರುವಾಗ ಈ ಅಂಕೆ ನೋಡಿ ನಮ್ಮ ಮನೆ 1865ರದ್ದು ಅಂತಲೇ ನಂಬಿದ್ದೆ. ಶಾಲೆಯಲ್ಲಿ ಜಂಬ ಬೇರೆ ಕೊಚ್ಚಿದ್ದೆ. ಅಜ್ಜ ಕೇಳಿ ನಕ್ಕಿದ್ದರು. 1865 ಅನ್ನುವುದು ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಸುಟ್ಟ ಹಂಚುಗಳ ಮೇಲೂ ಅದೇ ಅಚ್ಚು. (ನಿಮ್ಮೂರಲ್ಲೂ ಯಾರಾದರೂ ಹೀಗೆ ಮನೆಯ ವಯಸ್ಸು ಹೇಳಿದರೆ ಸ್ವಲ್ಪ ಅನುಮಾನಿಸಿ!)

ಕಥೆ ಹೀಗೆ. ಗೇಯೋರ್ಗ್ ಪ್ಲೆಬ್ಸ್ಟ್ ಎಂಬಾತ ಬಾಸೆಲ್ ಮಿಷನ್ನಿನ ಅಚ್ಚುಕೂಟದ ಕೆಲಸಕ್ಕೆಂದು ಮಂಗಳೂರಿಗೆ ಬಂದವನು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಹಂಚಿಗೆ ಹೇಳಿ ಮಾಡಿಸಿದ್ದು ಅಂತ ಕಂಡುಕೊಂಡು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮೂರೇ ವರ್ಷದಲ್ಲಿ, 1868ರಲ್ಲಿ, ಪಾಸ್ಕಲ್ ಅಲ್ಬುಕರ್ಕ್ ಅವರು ಪಾಣೆಮಂಗಳೂರು, ಉಳ್ಳಾಲದ ಸೀಮೆಯಲ್ಲಿ ಹಂಚು ಮಾಡಲು ತೊಡಗಿದರು. ಊರಿನವರದ್ದೇ ಉದ್ಯಮ. ಆಮೇಲೆ ನದಿ ದಂಡೆಯುದ್ದಕ್ಕೂ ಹೊಗೆಕೊಳವೆಗಳು ಎದ್ದವು. ಮಲ್ಪೆ, ಕೋಝಿಕೋಡಿಗೂ ಮಿಷನ್ನಿನ ಕಾರ್ಖಾನೆಗಳು ಹಬ್ಬಿದವು. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನ ಉದ್ಯಮಗಳು ಬ್ರಿಟಿಷ್ ಸರಕಾರದ ವಶಕ್ಕೆ ಹೋಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಅಷ್ಟು ಹೊತ್ತಿಗೆ 'ಮಂಗಳೂರು ಹಂಚು' ಅನ್ನುವುದು ಒಂದು ಕಾರ್ಖಾನೆಯ ಹೆಸರಾಗಿ ಉಳಿದಿರಲಿಲ್ಲ, ವಸ್ತುವಿನ ಹೆಸರೇ ಆಗಿತ್ತು. ಭಾರತೀಯ ಮಾನಕ ಸಂಸ್ಥೆಯ ಐಎಸ್ 654 ಅನ್ನುವ ಮಾನಕದ ಹೆಸರಿನಲ್ಲೇ ಮಂಗಳೂರು ಇದೆ.

ಆದರೆ ಹಂಚಿನ ಆ ವಿನ್ಯಾಸ ಪ್ಲೆಬ್ಸ್ಟ್‌ನದ್ದೂ ಅಲ್ಲ. ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರುವ ಹಂಚಿಗೆ 1841ರಲ್ಲಿ ಪೇಟೆಂಟ್ ತೆಗೆದದ್ದು ಜಿಲಾರ್ಡೋನಿ ಎಂಬ ಸೋದರರು, ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಆಲ್ಟ್‌ಕಿರ್ಶ್‌ನಲ್ಲಿ. ಬಾಸೆಲ್‌ನಿಂದ ಅದೇನೂ ದೂರದ ಊರಲ್ಲ.

ಅಂಗಳದಲ್ಲಿ ಕೂತು ಒಂದು ಹಂಚನ್ನು ತಿರುಗಿಸಿ ಮುರುಗಿಸಿ ನೋಡಿದೆ. ಮೂವತ್ತು ವರ್ಷ ಹತ್ತಿರ ಬಂತು ಅದರ ಅಡಿಯಲ್ಲೇ ಮಲಗಿ ಎದ್ದು, ಸರಿಯಾಗಿ ನೋಡಿದ್ದು ಅವತ್ತೇ. ಎರಡು ಮೂರು ಕಿಲೋ ತೂಕ. ಬೆನ್ನಿನ ಹಿಂದೆ ರೀಪಿಗೆ ಸಿಕ್ಕಿಸಲು ಗುಬುಟು. ಒಂದು ಬದಿಯಲ್ಲಿ ಉದ್ದಕ್ಕೂ ತೋಡು, ಇನ್ನೊಂದು ಬದಿಯಲ್ಲಿ ಆ ತೋಡಿನೊಳಗೆ ಕೂರುವ ಏಣು. ಸಿಮೆಂಟಿಲ್ಲ, ಗೋಂದಿಲ್ಲ, ನಮ್ಮ ಮಾಡಿನಲ್ಲಿ ಮೊಳೆಯೂ ಇಲ್ಲ. ಮುಖ್ಯ ವಿಷಯ ಏನೆಂದರೆ, ಎರಡು ಹಂಚುಗಳ ನಡುವೆ ನೀರು ನುಗ್ಗುವುದೇ ಇಲ್ಲ ಅಂತ ಈ ವಿನ್ಯಾಸ ಅಂದುಕೊಳ್ಳುವುದಿಲ್ಲ. ನುಗ್ಗುತ್ತದೆ ಅಂತಲೇ ಲೆಕ್ಕ. ನುಗ್ಗಿದ ನೀರು ತೋಡಿಗೆ ಬೀಳುತ್ತದೆ, ತೋಡು ಅದನ್ನು ಕೆಳಗಿನ ಹಂಚಿನ ಬೆನ್ನ ಮೇಲೆ ಬಿಡುತ್ತದೆ, ಅದು ಅದರ ಕೆಳಗಿನದಕ್ಕೆ, ಕೊನೆಗೆ ಅಂಗಳಕ್ಕೆ. ಮೇಲಿನದು ಕೆಳಗಿನದನ್ನು ಮುಚ್ಚಬೇಕು, ಇಳಿಜಾರು ಇರಬೇಕು. ಇಷ್ಟೇ ನಿಯಮ.

ಇದೇ ನಿಯಮ ಹಂಚಿಗಿಂತ ಮೊದಲೂ ಇತ್ತು. ನನ್ನ ಅಮ್ಮನ ತವರು ಮೂಡಬಿದಿರೆ. ಸಣ್ಣವರಿದ್ದಾಗ ರಜೆಯಲ್ಲಿ ಹೋದಾಗಲೆಲ್ಲ ಸಾವಿರ ಕಂಬದ ಬಸದಿಗೆ ಹೋಗುವುದು ವಾಡಿಕೆ, ಕಂಬ ಲೆಕ್ಕ ಹಾಕಲು ಹೋಗಿ ತಪ್ಪುವುದೂ ವಾಡಿಕೆ. 1430ರ ಹೊತ್ತಿಗೆ ಕಟ್ಟಿದ ಬಸದಿ ಅದು. ಒಳಗಿನ ಕಂಬಗಳೆಲ್ಲ ಕಲ್ಲು. ಆದರೆ ಘಟ್ಟದ ಮೇಲಿನ ಕಲ್ಲಿನ ದೇವಸ್ಥಾನಗಳ ಹಾಗೆ ಚಪ್ಪಟೆ ತಾರಸಿ ಇಲ್ಲ. ಕೆಳಗೆ ಇಳಿಜಾರಾಗಿ ಹಾಸಿದ ಕಲ್ಲು ಚಪ್ಪಡಿ, ಮೇಲಿನ ಅಂತಸ್ತುಗಳಲ್ಲಿ ಮರದ ಕಟ್ಟಿಗೆ ತಾಮ್ರದ ಹೊದಿಕೆ. ಕರಾವಳಿಯ ಹಳೇ ಶಿಲ್ಪಿಗಳು ಕಲ್ಲನ್ನೂ ಹುಲ್ಲುಮನೆಯ ಮಾಡಿನ ಹಾಗೇ ಇಳಿಸಿದರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇಲ್ಲಿ ನೀರನ್ನು ನಿಲ್ಲಿಸಿ ಗೆದ್ದವರಿಲ್ಲ. ಬೇಗ ಕಳಿಸಿಕೊಟ್ಟು ಬದುಕಿದವರು ಎಲ್ಲರೂ.

ಬಡವರ ಮನೆಗಳಿಗೆ ತಾಮ್ರವೂ ಇಲ್ಲ, ಹಂಚೂ ಇಲ್ಲ. ಮುಳಿಹುಲ್ಲು. ಒಂದು ಹುಲ್ಲುಕಡ್ಡಿ ನೀರನ್ನು ಏನು ತಡೆದೀತು? ಆದರೆ ಒಂದರ ಮೇಲೊಂದು ದಪ್ಪಗೆ ಹೊದೆಸಿ ಕಡಿದಾಗಿ ಇಳಿಸಿದರೆ ಹನಿ ಕಡ್ಡಿಯಿಂದ ಕಡ್ಡಿಗೆ ಜಾರಿ ಸೂರಿನಿಂದ ಉದುರುತ್ತದೆ. ಬೆಂಕಿಯ ಭಯ, ವರ್ಷ ವರ್ಷ ಹೊದೆಸುವ ಕಷ್ಟ ಎರಡೂ ಇತ್ತು. ಹಂಚು ಬಂದು ಅದನ್ನು ತಪ್ಪಿಸಿತು. ಉಪಾಯ ಮಾತ್ರ ಅದೇ ಉಳಿಯಿತು.

*

ಹಳಬರ ಬಳಿ ಇನ್ನೊಂದು ಸಂಗತಿಯೂ ಇತ್ತು, ನಾನು ಅದನ್ನು ಬರೀ ಆಚರಣೆ ಅಂದುಕೊಂಡಿದ್ದೆ. ಪತ್ತನಾಜೆ. ತುಳು ತಿಂಗಳು ಬೇಶದ ಹತ್ತನೆಯ ದಿನ, ಮೇ 24ರ ಆಸುಪಾಸು. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು, ಜಾತ್ರೆಗಳು ಮುಗಿಯುತ್ತವೆ. ಆಟ ಮುಗಿಯಿತು, ಇನ್ನು ಮಳೆ ಅಂತ ಊರಿಗೇ ಗಂಟೆ ಹೊಡೆದ ಹಾಗೆ. ನಮ್ಮಜ್ಜನಿಗೆ ಅದು ಮನೆ ರಿಪೇರಿಯ ಗಡುವೂ ಆಗಿತ್ತು. ಪತ್ತನಾಜೆಯ ಒಳಗೆ ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸಬೇಕು, ತೋಡಿನಲ್ಲಿ ಸಿಕ್ಕಿಕೊಂಡ ತರಗೆಲೆ ಗುಡಿಸಬೇಕು, ಗೆದ್ದಲು ಹಿಡಿದ ರೀಪು ಬದಲಾಯಿಸಬೇಕು, ಜಗಲಿಯ ಗಾಳಿ ಬದಿಗೆ ಮಡಲಿನ ತಟ್ಟಿ ಕಟ್ಟಬೇಕು, ಸೂರಿನ ಕೆಳಗೆ ಅಡಿಕೆ ಮರದ ದಂಬೆ ಕೂರಿಸಬೇಕು. ಎಲ್ಲ ಒಣಗಿರುವಾಗ. ಮಳೆ ಬಂದ ಮೇಲೆ ಮಾಡಿಗೆ ಹತ್ತುವವನು ಒಂದು ಹಂಚು ಬದಲಿಸಲು ಹೋಗಿ ನಾಲ್ಕು ಒಡೆದು ಬರುತ್ತಾನೆ ಅನ್ನುತ್ತಿದ್ದರು.

ಹಾಗಂತ ಮಳೆಗಾಲದ ಮಧ್ಯೆ ಸೋರಲೇ ಇಲ್ಲವೇ? ಸೋರುತ್ತಿತ್ತು. ತೆಂಗಿನಕಾಯಿ ಬಿದ್ದರೆ ಹಂಚು ಒಡೆಯಲೇಬೇಕು. ಆಗಿನ 'ತಾತ್ಕಾಲಿಕ ರಿಪೇರಿ' ನನಗೆ ಚೆನ್ನಾಗಿ ನೆನಪಿದೆ. ಅಜ್ಜ ಏಣಿ ಇಟ್ಟು ಒಳಗಿನಿಂದಲೇ ಕೈ ಹಾಕಿ, ಒಡೆದ ಹಂಚಿನ ಕೆಳಗೆ ಒಂದು ಅಡಿಕೆ ಹಾಳೆ ಸಿಕ್ಕಿಸಿಬಿಡುತ್ತಿದ್ದರು. ಹಾಳೆಯ ಮೇಲಿನ ತುದಿ ಮೇಲಿನ ಹಂಚಿನ ಅಡಿಗೆ, ಕೆಳಗಿನ ತುದಿ ಕೆಳಗಿನ ಹಂಚಿನ ಮೇಲಕ್ಕೆ. ಅಂಟಿಲ್ಲ, ಗಿಂಟಿಲ್ಲ. ಅದು ಆ ಮಳೆಗಾಲ ಪೂರ್ತಿ ನಿಲ್ಲುತ್ತಿತ್ತು. ಯಾಕೆಂದರೆ ಅದು ಕೂಡ ಹಂಚಿನ ನಿಯಮವನ್ನೇ ಪಾಲಿಸಿದ ರಿಪೇರಿ. ಬೀದಿಯಲ್ಲಿ ಬಿದ್ದಿದ್ದ ಹಾಳೆ ನಿಂತದ್ದು ಹೇಗೆ, ನಾನು ನೂರಾರು ರೂಪಾಯಿ ಕೊಟ್ಟು ತಂದ ಟೇಪು ಸೋತದ್ದು ಹೇಗೆ? ಇದು ತಲೆಯಲ್ಲಿ ಕೊರೆಯತೊಡಗಿತು. ಬೆಂಗಳೂರಿಗೆ ಬಂದು ಟೇಪಿನ ಚರಿತ್ರೆ ಹುಡುಕಲು ಕೂತೆ.

*

ಟೇಪಿನ ಕಥೆ ಹಂಚಿನಷ್ಟು ಹಳೆಯದಲ್ಲ. ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ ಕಾರಿಗೆ ಬಣ್ಣ ಹೊಡೆಯುವವರಿಗಾಗಿ ಮಾಸ್ಕಿಂಗ್ ಟೇಪ್ ಮಾಡಿದ್ದು 1925ರಲ್ಲಿ. ನಾವು ಸೆಲ್ಲೋಟೇಪ್ ಅನ್ನುವ ಪಾರದರ್ಶಕ ಟೇಪ್ 1930ರದ್ದು. ಎರಡೂ ಮನೆಯೊಳಗಿನ, ಒಣ ಮೇಲ್ಮೈಯ ವಸ್ತುಗಳು.

ನೀರಿಗೆ ಅಂತಲೇ ಹುಟ್ಟಿದ ಟೇಪಿನ ಹಿಂದೆ ಒಬ್ಬ ತಾಯಿ ಇದ್ದಾಳೆ. ಎರಡನೇ ಮಹಾಯುದ್ಧದ ಕಾಲ. ವೆಸ್ಟಾ ಸ್ಟೌಟ್ ಎಂಬಾಕೆ ಇಲಿನಾಯ್ ರಾಜ್ಯದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದಲ್ಲಿದ್ದಳು. ಇಬ್ಬರು ಮಕ್ಕಳು ನೌಕಾಪಡೆಯಲ್ಲಿ. ಮದ್ದುಗುಂಡಿನ ಪೆಟ್ಟಿಗೆಗಳಿಗೆ ಕಾಗದದ ಪಟ್ಟಿ ಅಂಟಿಸಿ, ನೀರು ಹೋಗದಿರಲೆಂದು ಮೇಣ ಬಳಿಯುತ್ತಿದ್ದರು. ಎಳೆದು ತೆರೆಯಲು ಬಿಟ್ಟ ತುದಿ ಎಳೆದರೆ ಹರಿದು ಕೈಗೆ ಬರುತ್ತಿತ್ತು. ಯುದ್ಧದ ನಡುವೆ ಪೆಟ್ಟಿಗೆ ತೆರೆಯಲಾಗದೆ ಹುಡುಗರು ಒದ್ದಾಡಬೇಕು. ಬಟ್ಟೆಯ ಪಟ್ಟಿ ಬಳಸಿ ಅಂತ ಮೇಲಿನವರಿಗೆ ಹೇಳಿದಳು, ಕೆಲಸ ಆಗಲಿಲ್ಲ. 1943ರ ಫೆಬ್ರವರಿಯಲ್ಲಿ ಸೀದಾ ಅಧ್ಯಕ್ಷ ರೂಸ್‌ವೆಲ್ಟ್‌ಗೇ ಕಾಗದ ಬರೆದಳು, ಚಿತ್ರ ಸಮೇತ. ಅದು ಮುಂದಕ್ಕೆ ಹೋಗಿ, ಜಾನ್ಸನ್ ಆಂಡ್ ಜಾನ್ಸನ್ ಕಂಪನಿಯವರು ಬಟ್ಟೆಗೆ ರಬ್ಬರಿನ ಅಂಟು ಸೇರಿಸಿದ ಟೇಪು ಮಾಡಿದರು. ಇವತ್ತಿನ ಡಕ್ಟ್ ಟೇಪಿನ ಮೂಲ ಅದು.

ಇಲ್ಲಿ ಗಮನಿಸಬೇಕಾದ್ದು ಒಂದು. ವೆಸ್ಟಾಳ ಟೇಪು ಅಂಟುತ್ತಿದ್ದುದು ಕಾರ್ಖಾನೆಯ ಒಳಗೆ, ಒಣಗಿದ, ಧೂಳಿಲ್ಲದ ಪೆಟ್ಟಿಗೆಗೆ, ನೀರು ಬರುವುದಕ್ಕೆ ಬಹಳ ಮೊದಲು. ಅಂದರೆ ಪತ್ತನಾಜೆಗೆ ಮೊದಲು! ನೀರು ಹೊರಗಿನಿಂದ ಬಂದು ಟೇಪನ್ನು ಪೆಟ್ಟಿಗೆಯ ಮೇಲೆಯೇ ಒತ್ತುತ್ತದೆ. ನಾನು ಮಾಡಿದ್ದು ಪೂರ್ತಿ ಉಲ್ಟಾ. ನೀರು ಒಳಗಿನಿಂದ ಹೊರಕ್ಕೆ ಚಿಮ್ಮುತ್ತಿರುವಾಗ, ಆಟಿಯ ಮಳೆಯಲ್ಲಿ, ಪಾಚಿ ಕಟ್ಟಿದ ಪೈಪಿಗೆ ಸುತ್ತಿದೆ.

ಯುದ್ಧ ಮುಗಿದ ಮೇಲೆ ಆ ಟೇಪು ಮನೆಗಳ ಗಾಳಿಕೊಳವೆಗಳಿಗೆ ಸುತ್ತುವ ಬೆಳ್ಳಿ ಬಣ್ಣದ ಟೇಪಾಯಿತು. ಡಕ್ಟ್ ಅನ್ನುವ ಹೆಸರು ಅಲ್ಲಿ ಗಟ್ಟಿಯಾಯಿತು. ತಮಾಷೆ ಎಂದರೆ, 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಶೆರ್ಮನ್ ಮತ್ತು ಇಯಾನ್ ವಾಕರ್ ಗಾಳಿಕೊಳವೆಯ ಸಂದು ಮುಚ್ಚುವ ವಸ್ತುಗಳನ್ನೆಲ್ಲ ಬಿಸಿ ಮಾಡಿ ತಣಿಸಿ ಪರೀಕ್ಷಿಸಿದಾಗ, ಸೋತದ್ದು ಅದೇ ಡಕ್ಟ್ ಟೇಪು. ಅಲ್ಲಿ ನೀರೂ ಇರಲಿಲ್ಲ, ಬರೀ ಬಿಸಿ ಗಾಳಿ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಂದ್ರನ ಮೇಲಿನ ಘಟನೆ. 1972ರ ಡಿಸೆಂಬರ್, ಅಪೋಲೋ 17. ಯೂಜಿನ್ ಸೆರ್ನನ್‌ನ ಸುತ್ತಿಗೆ ತಾಗಿ ಅವರ ಗಾಡಿಯ ಹಿಂದಿನ ಚಕ್ರದ ಮಡ್‌ಗಾರ್ಡ್ ಮುರಿಯಿತು. ಟೇಪು ಅಂಟಿಸಿದರು. ಚಂದ್ರನ ಧೂಳು ಎಲ್ಲದರ ಮೇಲೂ ಕೂತಿದ್ದರಿಂದ ಟೇಪು ಸರಿಯಾಗಿ ಹಿಡಿಯಲಿಲ್ಲ, ಸ್ವಲ್ಪ ಹೊತ್ತಿಗೆ ಮಡ್‌ಗಾರ್ಡ್ ಬಿದ್ದೇ ಹೋಯಿತು, ಇಬ್ಬರ ಮೈಮೇಲೂ ಧೂಳಿನ ಮಳೆ. ಮರುದಿನ ಮಾಡಿದ ರಿಪೇರಿ ನೋಡಿ: ನೌಕೆಯ ಒಳಗೆ ಕೂತು ನಾಲ್ಕು ನಕ್ಷೆಗಳನ್ನು ಟೇಪಿನಿಂದ ಜೋಡಿಸಿ ಒಂದು ಹಾಳೆ ಮಾಡಿದರು, ಹೊರಗೆ ಅದನ್ನು ಗಾಡಿಗೆ ಕ್ಲ್ಯಾಂಪಿನಿಂದ ಬಿಗಿದರು. ಒಳಗೆ ಸ್ವಚ್ಛವಾದಲ್ಲಿ ಟೇಪು, ಹೊರಗೆ ಬಿಗಿತ. ಅದು ಕೊನೆಯವರೆಗೆ ನಿಂತಿತು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ತೋಟದ ಸೈಕಲ್ ಟ್ಯೂಬು. ಸ್ಪ್ರಿಂಕ್ಲರ್ ಪೈಪು ಸೀಳಿದರೆ ಅಪ್ಪ ಹಳೇ ಟ್ಯೂಬು ಸೀಳಿ, ಎಳೆದೆಳೆದು ಸುತ್ತಿ, ಮೇಲಿಂದ ಬೈಂಡಿಂಗ್ ವಯರಿನಿಂದ ಇಕ್ಕುಳದಲ್ಲಿ ತಿರುಚಿ ಕಟ್ಟುತ್ತಾರೆ. ಟ್ಯೂಬಿನಲ್ಲಿ ಅಂಟು ಎಲ್ಲಿದೆ? ಅದು ಹಿಡಿಯುವುದು ಬಿಗಿತದಿಂದ. ಪೈಪು ಒದ್ದೆ ಇದ್ದರೂ ನಡೆಯುತ್ತದೆ. ನಾಸಾದವರು ಚಂದ್ರನ ಮೇಲೆ ಕಲಿತದ್ದು ನಮ್ಮಪ್ಪನಿಗೆ ತೋಟದಲ್ಲೇ ಗೊತ್ತಿತ್ತು. ಮಗನಿಗೆ ಮಾತ್ರ ಗೊತ್ತಿರಲಿಲ್ಲ :)

*

ಸರಿ, ಪೈಪಿಗೆ ಸುತ್ತಿದ ಟೇಪು ಯಾಕೆ ಸೋಲುತ್ತದೆ? ಡಿಗ್ರಿಯಲ್ಲಿ ಓದಿದ್ದನ್ನು ಈಗಲಾದರೂ ಉಪಯೋಗಿಸೋಣ.

ಟೇಪಿನ ಅಂಟು ಒಣಗಿ ಗಟ್ಟಿಯಾಗುವ ಅಂಟಲ್ಲ. ಅದು ತಣ್ಣಗಿನ ಜೋನಿಬೆಲ್ಲದ ಹಾಗೆ, ಬಹಳ ನಿಧಾನಕ್ಕೆ ಹರಿಯುವ ವಸ್ತು. ಒತ್ತಿದಾಗ ಮೇಲ್ಮೈಯ ಕಣ್ಣಿಗೆ ಕಾಣದ ಏರುತಗ್ಗುಗಳಿಗೆಲ್ಲ ಹರಿದು ಕೂರುತ್ತದೆ, ಹಾಗಾಗಿ ಹಿಡಿಯುತ್ತದೆ. ಅಲ್ಲಿ ಮೊದಲೇ ನೀರಿನ ಪೊರೆ ಕೂತಿದ್ದರೆ? ಅಂಟು ಹಿಡಿದದ್ದು ನೀರನ್ನು, ಪೈಪನ್ನಲ್ಲ. ಬೈರಾಸಿನಲ್ಲಿ ಒರೆಸಿದರೆ ನೀರು ಹೋಗುತ್ತದೆ ಅಂದುಕೊಳ್ಳುತ್ತೇವೆ. ಆಟಿಯಲ್ಲಿ ಬೈರಾಸೇ ಒದ್ದೆ. ಜೊತೆಗೆ ಕೆಂಪು ಧೂಳು, ಪಾಚಿ. ಅಂಟು ಧೂಳಿಗೆ ಗಟ್ಟಿಯಾಗಿಯೇ ಅಂಟುತ್ತದೆ, ಧೂಳು ಪೈಪಿಗೆ ಅಂಟಿರುವುದಿಲ್ಲ.

ಎರಡನೆಯದು ಒತ್ತಡ. ಟ್ಯಾಂಕಿ ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ನಮ್ಮದು ಗುಡ್ಡೆ, ಇಪ್ಪತ್ತು ಮೀಟರ್ ಅಂತಿಟ್ಟುಕೊಳ್ಳಿ, ಎರಡು ಕಿಲೋ. ಬಿರುಕು ಕೂದಲಿನಷ್ಟೇ ಇರುವಾಗ ಟೇಪಿನ ಮೇಲೆ ಬೀಳುವ ಬಲ ಬಹಳ ಕಡಿಮೆ, ಅದಕ್ಕೇ ಮೊದಲ ದಿನ ನೀರು ನಿಂತಂತೆ ಕಾಣುವುದು. ಆದರೆ ಬಿರುಕಿನ ಸುತ್ತ ಟೇಪು ಸ್ವಲ್ಪವೇ ಎದ್ದರೂ ನೀರು ಅಲ್ಲಿ ಹರಡಿ ಗುಳ್ಳೆ ಕಟ್ಟುತ್ತದೆ. ಗುಳ್ಳೆ ಹತ್ತು ಚದರ ಸೆಂಟಿಮೀಟರ್ ಆದರೆ ಟೇಪನ್ನು ಎತ್ತುವ ಬಲ ಇಪ್ಪತ್ತು ಕಿಲೋ! ಎದ್ದಷ್ಟೂ ಬಲ ಹೆಚ್ಚು, ಬಲ ಹೆಚ್ಚಾದಷ್ಟೂ ಇನ್ನಷ್ಟು ಏಳುತ್ತದೆ. ಜೋನಿಬೆಲ್ಲದಂಥ ಅಂಟು ಒಂದು ಗಳಿಗೆಯ ಜಗ್ಗಾಟ ತಡೆದೀತು, ಇಪ್ಪತ್ತನಾಲ್ಕು ಗಂಟೆಯ ಜಗ್ಗಾಟಕ್ಕೆ ನಿಧಾನಕ್ಕೆ ಜಾರುತ್ತದೆ. ಜಾಹೀರಾತಿನ ಟ್ಯಾಂಕಿಯಲ್ಲಿ ನೀರಿನ ಎತ್ತರ ಎಷ್ಟು? ಹೆಚ್ಚೆಂದರೆ ಒಂದೆರಡು ಅಡಿ. ತೋರಿಸುವ ಹೊತ್ತು? ಎರಡು ನಿಮಿಷ.

ಮೂರನೆಯದು ಬಿಸಿಲು. ಹೊರಗಿನ ಆರು ಮೀಟರ್ ಪಿವಿಸಿ ಪೈಪು ಮೂವತ್ತು ಡಿಗ್ರಿ ಏರಿಳಿತಕ್ಕೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಪೈಪು ಓಡಾಡುತ್ತದೆ, ಟೇಪು ಓಡಾಡುವುದಿಲ್ಲ, ಎಳೆದಾಟ ನಡೆಯುವುದು ಜಾಯಿಂಟಿನಲ್ಲೇ. ಬಿಸಿಲಿನ ನೇರಳಾತೀತ ಕಿರಣ ಬೇರೆ ಟೇಪಿನ ಬೆನ್ನನ್ನೂ ಅಂಟನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ಬದುಕಿದ ಟೇಪು ಮಾರ್ಚ್ ಏಪ್ರಿಲ್‌ನಲ್ಲಿ ಹಪ್ಪಳದ ಹಾಗೆ ಉದುರುವುದು ಅದಕ್ಕೆ.

ನಾಲ್ಕನೆಯದೇ ನಮ್ಮ ಗೋಡೆ ಬೀಳಿಸಿದ್ದು. ಜಾಯಿಂಟಿನಲ್ಲಿ ದಪ್ಪದ ಕಪ್ಲರು ಮುಗಿದು ಸಪೂರದ ಪೈಪು ಶುರುವಾಗುವಲ್ಲಿ ಒಂದು ಮೆಟ್ಟಿಲಿರುತ್ತದೆ. ಟೇಪು ಆ ಮೂಲೆಗೆ ಇಳಿಯುವುದಿಲ್ಲ, ಸೇತುವೆಯ ಹಾಗೆ ಮೇಲಿಂದ ದಾಟುತ್ತದೆ. ಕೆಳಗೆ ಸುತ್ತಲೂ ಒಂದು ಸುರಂಗ. ಮೂರು ಸುತ್ತು ಸುತ್ತಿದರೆ ಸುತ್ತಿನಿಂದ ಸುತ್ತಿಗೆ ಸುರುಳಿ ದಾರಿ. ನೀರಿಗೆ ಇನ್ನೇನು ಬೇಕು? ಹಂಚಿನ ತೋಡು ನೀರನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತದೆ. ನಾನು ಗೊತ್ತಿಲ್ಲದೆ ಮಾಡಿದ ತೋಡು ನೀರನ್ನು ಗೋಡೆಯೊಳಗೆ ಕರೆದುಕೊಂಡು ಹೋಯಿತು.

(ಅಂದ ಹಾಗೆ ಬಿಳಿ ಟೆಫ್ಲಾನ್ ಟೇಪನ್ನು ಸೋರುವ ನಲ್ಲಿಯ ಮೇಲಿಂದ ಸುತ್ತುವವರನ್ನೂ ನೋಡಿದ್ದೇನೆ. ಅದರಲ್ಲಿ ಅಂಟೇ ಇಲ್ಲ. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ, ಯಾವುದಕ್ಕೂ ಅಂಟದ ಪದಾರ್ಥ ಅದು. ಬಿಚ್ಚಿ, ಮರೆಯ ಮೇಲೆ ಸುತ್ತಿ, ತಿರುಗಿಸಿ ಬಿಗಿದರೆ ಮಾತ್ರ ಕೆಲಸ ಮಾಡುತ್ತದೆ.)

*

ನಾನೊಬ್ಬನೇ ಹೀಗೆ ಮರೆತವನಲ್ಲ ಅನ್ನುವುದೊಂದು ಸಮಾಧಾನ. ನಮ್ಮ ಕಡೆ ಕಾಂಕ್ರೀಟು ಬಂದಾಗ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದೇ ಏಳಿಗೆಯ ಗುರುತಾಯಿತು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಮಣ್ಣು ಸಿಗುವುದೂ ಕಷ್ಟವಾಯಿತು. ಚಪ್ಪಟೆ ತಾರಸಿಯ ಮೇಲೆ ನಾಲ್ಕು ತಿಂಗಳು ನೀರು ನಿಂತು ಎಲ್ಲಿ ಬಿರುಕು ಸಿಕ್ಕಿತೋ ಅಲ್ಲಿ ಇಳಿಯಿತು. ಟಾರು ಬಳಿದರು, ಬಣ್ಣ ಬಳಿದರು, ಈಗ ಅಲ್ಯೂಮಿನಿಯಂ ಹಾಳೆಯ ಟೇಪನ್ನೂ ಅಂಟಿಸುತ್ತಾರೆ. ಕೊನೆಗೆ ಏನು ಮಾಡಿದರು? ಬಿ.ಸಿ.ರೋಡಿನಿಂದ ಬೆಳ್ತಂಗಡಿಯವರೆಗೆ ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋಗಿ: ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹಾಕಿದ ಮನೆಗಳು ಎಷ್ಟೊಂದು! ಅಡಿಕೆ ಒಣಗಿಸಲೂ ಆಯಿತು ಅನ್ನುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ ಮತ್ತೆ ಮುಳಿಹುಲ್ಲಿನ ಮಾಡಿಗೇ ಬಂದು ನಿಂತೆವು.

ನಮ್ಮ ಮಣ್ಣಿನ ಗೋಡೆಗೂ ಒಂದು ಚರಿತ್ರೆ ಇತ್ತು. ಅಜ್ಜನ ಮೊದಲಿನ ಮನೆ ಪಾಣೆಮಂಗಳೂರಿನ ಹತ್ತಿರ, ಹೊಳೆಗೆ ಸಮೀಪ. 1974ರ ನೆರೆಯಲ್ಲಿ ಬಂಟ್ವಾಳ ಪೇಟೆಯೇ ಮುಳುಗಿತಲ್ಲ, ಆಗ ಅದೂ ಹೋಯಿತು. 1923ರ ನೆರೆಯ ಕಥೆಯನ್ನು ಹಿರಿಯರಿಂದ ಕೇಳಿದ್ದ ಅಜ್ಜ, ಇನ್ನು ಹೊಳೆಯ ಬದಿ ಬೇಡ ಅಂತ ಗುಡ್ಡೆಯ ಬುಡಕ್ಕೆ ಬಂದರು. ಗೋಡೆ ಕರಗಿ ಹೋಗಿತ್ತು. ಕೆಸರಿನಡಿ ಹಂಚುಗಳು ಮಾತ್ರ ಸಿಕ್ಕಿದವು. ತೊಳೆದು, ಎತ್ತಿನ ಗಾಡಿಯಲ್ಲಿ ತಂದು, ಹೊಸ ಮಾಡಿಗೆ ಹಾಕಿದರು. ಅಂಟಿಸಿದ್ದರೆ, ಸಿಮೆಂಟು ಹಾಕಿದ್ದರೆ ಬಿಡಿಸಿ ತರಲು ಆಗುತ್ತಿತ್ತೇ? ನೆರೆಗೆ ಹೋಗದೆ ಉಳಿದ ಮನೆಯ ಒಂದು ಗೋಡೆ ನನ್ನ ಟೇಪಿಗೆ ಹೋಯಿತು ಅಂತ ನೆನೆಸಿದರೆ ಈಗಲೂ ಸಂಕಟವಾಗುತ್ತದೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನವೆಂಬರಿನಲ್ಲಿ ಮುರಕಲ್ಲಿನಿಂದ ಗೋಡೆ ಎಬ್ಬಿಸಿದೆವು. ಪ್ಲಂಬರಣ್ಣ ಬಂದು ಹಳೇ ಜಾಯಿಂಟನ್ನು ಗರಗಸದಿಂದ ಕತ್ತರಿಸಿ ಬಿಸಾಡಿ, ಪೈಪಿನ ತುದಿಯನ್ನು ಒಣ ಬಟ್ಟೆಯಲ್ಲಿ ಉಜ್ಜಿ, ಸೊಲ್ಯೂಶನ್ ಹಚ್ಚಿ ಹೊಸ ಕಪ್ಲರ್ ಕೂರಿಸಿದರು. ಹತ್ತು ನಿಮಿಷದ ಕೆಲಸ. "ಟೇಪು ಸುತ್ತಬಾರದು ಅಂತಲ್ಲ," ಅಂದರು, "ಸುತ್ತಿದ ಮೇಲೆ ಬಕೆಟ್ ತೆಗೆಯಬಾರದು." ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರಿನಂಥ ಟೇಪುಗಳೂ ಈಗ ಬಂದಿವೆ, ಒಂದೆರಡು ರಾತ್ರಿ ದಾಟಿಸಲು ಅಡ್ಡಿಯಿಲ್ಲ. ಆದರೆ ಬಕೆಟ್ ಅಲ್ಲೇ ಇರಬೇಕು, ತುಂಬುತ್ತದೋ ಇಲ್ಲವೋ ನೋಡುತ್ತಿರಬೇಕು.

ಅಟ್ಟಿ ಹಾಕಿದ್ದ ಹಂಚುಗಳಲ್ಲಿ ಹನ್ನೊಂದು ಒಡೆದಿದ್ದವು, ಉಳಿದವೆಲ್ಲ ಮತ್ತೆ ಮಾಡಿಗೆ ಹೋದವು. 1865 ಅಚ್ಚಿನ ಒಂದನ್ನು ಬೆಂಗಳೂರಿಗೆ ತಂದು ಮೇಜಿನ ಮೇಲೆ ಇಟ್ಟುಕೊಳ್ಳೋಣ ಅಂತ ಬದಿಗೆ ತೆಗೆದಿಟ್ಟಿದ್ದೆ. ಅಪ್ಪ ಅದನ್ನೂ ಎತ್ತಿಕೊಂಡು ಹೋಗಿ ಮೇಲೆ ಕೂರಿಸಿದರು. "ಇಲ್ಲಿ ಒಂದು ಕಮ್ಮಿ ಬಿದ್ದಿತು" ಅಂದರು.

ಈ ವರ್ಷ ರಜೆಯನ್ನು ಜುಲೈಗೆ ಹಾಕಿಲ್ಲ. ಮೇ ಮೂರನೇ ವಾರಕ್ಕೆ ಹಾಕಿದ್ದೇನೆ. ಪತ್ತನಾಜೆಯ ಒಳಗೆ ಒಮ್ಮೆ ಮಾಡಿಗೆ ಹತ್ತಬೇಕು.